ಕಡಲಕಳೆ ತೀರ ಮುಚ್ಚುವಷ್ಟು ಬೆಳೆಯುವುದೇಕೆ? ನಮ್ಮ ಹೊಲದ ಗೊಬ್ಬರಕ್ಕೂ ಅದಕ್ಕೂ ಸಂಬಂಧವಿದೆಯೇ?

ಗೊಬ್ಬರದ ಅಂಗಡಿ, ಶಹಾಪುರ

ಎಲ್ಲರಿಗೂ ಶರಣು. ನಮ್ಮ ಅಂಗಡಿಯಲ್ಲಿ ಈಚಿನ ಹಂಗಾಮುಗಳಲ್ಲಿ ಕಡಲಕಳೆಯ ಸಾರದ ಬಾಟಲಿಗಳು ಚೆನ್ನಾಗಿ ಖರ್ಚಾಗುತ್ತಿವೆ. ತೊಗರಿ ಹೂ ಕಟ್ಟುವ ಹೊತ್ತಿಗೆ ಮತ್ತು ಮೆಣಸಿನಕಾಯಿ ಗಿಡ ಚಿಗುರುವಾಗ ರೈತರು ಅದನ್ನು ನೀರಿನಲ್ಲಿ ಬೆರೆಸಿ ಸಿಂಪಡಿಸುತ್ತಾರೆ. ಮೊನ್ನೆ ಗಿರಾಕಿಯೊಬ್ಬರು ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದರು. ಕೆರಿಬಿಯನ್ ದ್ವೀಪವೊಂದರ ತೀರದಲ್ಲಿ ಮೊಣಕಾಲುಮಟ್ಟ ಕಂದು ಕಳೆ ಬಿದ್ದಿದೆ, ಅದನ್ನು ಯಂತ್ರದಿಂದ ಬಾಚಿ ಲಾರಿಗೆ ತುಂಬುತ್ತಿದ್ದಾರೆ, ಜನ ಮೂಗು ಮುಚ್ಚಿಕೊಂಡು ನಿಂತಿದ್ದಾರೆ. "ನೀವು ದುಡ್ಡಿಗೆ ಮಾರುವುದನ್ನು ಅವರು ಎಸೆಯುತ್ತಿದ್ದಾರಲ್ಲ" ಎಂದು ಅವರು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕೆಂಬ ಆಸೆಯಿಂದ ಇಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಬೆಳೆಗೆ ಬಲ ಕೊಡುವುದು ಅಲ್ಲಿ ಉಪದ್ರವವಾಗುವುದು ಹೇಗೆ, ಮತ್ತು ಅದು ಇದ್ದಕ್ಕಿದ್ದಂತೆ ಅಷ್ಟೊಂದು ಬೆಳೆಯಲು ಕಾರಣವೇನು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಜೀವಶಾಸ್ತ್ರ ಉಪನ್ಯಾಸಕಿ, ಕಲಬುರಗಿ

ಮೊದಲನೆಯದಾಗಿ, ಬಾಟಲಿಯಲ್ಲಿರುವುದೂ ವಿಡಿಯೊದಲ್ಲಿ ಕಂಡದ್ದೂ ಒಂದೇ ಜೀವಿಯಲ್ಲ. ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಬೆಳೆಯುವ ಕಡಲ ಪಾಚಿಗಳನ್ನೆಲ್ಲ ಸೇರಿಸಿ ಕಡಲಕಳೆ ಎನ್ನುತ್ತೇವೆ. ಅವುಗಳಲ್ಲಿ ಹಸಿರು, ಕಂದು, ಕೆಂಪು ಎಂಬ ಮೂರು ಬಳಗಗಳಿವೆ. ಭಾರತದ ತೀರದಲ್ಲೇ ಸುಮಾರು 844 ಪ್ರಭೇದಗಳು ದಾಖಲಾಗಿವೆ. ಇವುಗಳಲ್ಲಿ ಬಹುಪಾಲು ತಮ್ಮ ಪಾಡಿಗೆ ಬಂಡೆಗೆ ಅಂಟಿಕೊಂಡು ಮೀನಿನ ಮರಿಗಳಿಗೂ ಸಿಗಡಿಗಳಿಗೂ ಆಸರೆಯಾಗಿ ಬದುಕುತ್ತವೆ. ತೀರವನ್ನೇ ಮುಚ್ಚುವಷ್ಟು ಬೆಳೆಯುವಂಥವು ಬೆರಳೆಣಿಕೆಯಷ್ಟು. ಹಸಿರಿನಲ್ಲಿ ಉಲ್ವಾ, ಕಂದಿನಲ್ಲಿ ಸರ್ಗಾಸಮ್ ಮುಖ್ಯವಾದವು.

ಉಲ್ವಾದ ಒಂದು ಹಾಳೆಯನ್ನು ಅಂಗೈ ಮೇಲೆ ಹರಡಿದರೆ ಅದರ ಮೂಲಕ ಕೈರೇಖೆಗಳು ಕಾಣುತ್ತವೆ, ಏಕೆಂದರೆ ಅದರ ದಪ್ಪ ಎರಡು ಜೀವಕೋಶಗಳಷ್ಟು ಮಾತ್ರ. ಅದಕ್ಕೆ ಬೇರಿಲ್ಲ, ಕಾಂಡವಿಲ್ಲ, ಗಟ್ಟಿಯಾದ ನಾರಿಲ್ಲ. ಪ್ರತಿಯೊಂದು ಕೋಶವೂ ನೇರವಾಗಿ ನೀರನ್ನು ಮುಟ್ಟುವುದರಿಂದ ನೀರಿನಲ್ಲಿ ಕರಗಿದ, ಸಾರಜನಕದ ರೂಪಗಳಾದ ನೈಟ್ರೇಟ್ ಮತ್ತು ಅಮೋನಿಯಾವನ್ನು ಇಡೀ ಮೈಯಿಂದ ಹೀರಿಕೊಳ್ಳುತ್ತದೆ, ಹೀರಿದ್ದನ್ನೆಲ್ಲ ಹೊಸ ಕೋಶಗಳನ್ನು ಕಟ್ಟುವುದಕ್ಕೇ ಖರ್ಚು ಮಾಡುತ್ತದೆ. ಬೆಳಕು ಮತ್ತು ಉಷ್ಣತೆ ಹೊಂದಿಬಂದರೆ ಕೆಲವೇ ದಿನಗಳಲ್ಲಿ ಅದರ ತೂಕ ದುಪ್ಪಟ್ಟಾಗುತ್ತದೆ. ಸಂತಾನದ ಹೊತ್ತಿಗೆ ಹಾಳೆಯ ಕೋಶಗಳೇ ಬೀಜಕಣಗಳಾಗಿ ಮಾರ್ಪಟ್ಟು ನೀರಿಗಿಳಿಯುತ್ತವೆ; ಹಾಳೆ ಹರಿದರೆ ಹರಿದ ತುಂಡೂ ಬೆಳೆಯುತ್ತದೆ.

ಈಗ ಅದೇ ತೀರದಲ್ಲಿ ಬೆಳೆಯುವ ಕಡಲಹುಲ್ಲನ್ನು ನೋಡಿ. ಅದು ನಿಜವಾದ ಹೂಬಿಡುವ ಸಸ್ಯ. ಬೇರನ್ನು ಕೆಸರಿಗೆ ಇಳಿಸಿ, ನೀರಿನಲ್ಲಿ ಸಿಗದ ಪೋಷಕಾಂಶವನ್ನು ಅಲ್ಲಿಂದ ಪಡೆಯುತ್ತದೆ, ನಿಧಾನವಾಗಿ ಬೆಳೆಯುತ್ತದೆ. ನೀರು ತಿಳಿಯಾಗಿಯೂ ಬಡವಾಗಿಯೂ ಇರುವವರೆಗೆ ಗೆಲ್ಲುವುದು ಈ ಹುಲ್ಲೇ. ನದಿಯಿಂದಲೋ ಒಳಚರಂಡಿಯಿಂದಲೋ ಸಾರಜನಕ ಬಂದು ಸೇರತೊಡಗಿದಾಗ ಉಲ್ವಾದ ಹಸಿವಿಗೆ ಊಟ ಸಿಗುತ್ತದೆ. ಅದು ಮೇಲೆ ಹರಡಿ ಬೆಳಕನ್ನು ತಡೆದಾಗ ಕೆಳಗಿನ ಹುಲ್ಲು ಸಾಯುತ್ತದೆ. ಹುಲ್ಲು ಹಿಡಿದಿಟ್ಟಿದ್ದ ಕೆಸರು ಕದಡಿ ಇನ್ನಷ್ಟು ಪೋಷಕಾಂಶ ನೀರಿಗೆ ಬರುತ್ತದೆ. ಪೋಷಕಾಂಶ ಇನ್ನೂ ಹೆಚ್ಚಾದರೆ ಉಲ್ವಾ ಕೂಡ ಸೋತು, ಬರಿಗಣ್ಣಿಗೆ ಕಾಣದ ತೇಲುಪಾಚಿಗಳು ನೀರನ್ನೇ ಹಸಿರು ಮಾಡುತ್ತವೆ.

ಉಪದ್ರವದ ನಿಜವಾದ ಭಾಗ ಶುರುವಾಗುವುದು ಕಳೆ ರಾಶಿ ಬಿದ್ದು ಕೊಳೆಯತೊಡಗಿದಾಗ. ರಾಶಿಯ ಒಳಗೆ ಗಾಳಿಯಾಡದೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಕೊಲ್ಲಿಗಳಲ್ಲಿ ಹಂದಿ ಸಾಕಣೆಯ ಗೊಬ್ಬರ ಮತ್ತು ಹೊಲದ ನೈಟ್ರೇಟಿನಿಂದಾಗಿ ದಶಕಗಳಿಂದ ಉಲ್ವಾ ಬೆಳೆಯುತ್ತಿದೆ. 2009ರಲ್ಲಿ ಅಲ್ಲಿನ ಕಡಲತೀರದ ಕೊಳೆತ ರಾಶಿಯಲ್ಲಿ ಸಿಲುಕಿದ ಕುದುರೆಯೊಂದು ಸತ್ತಿತು, ಸವಾರ ಪ್ರಜ್ಞೆ ತಪ್ಪಿದ್ದರು. 2011ರಲ್ಲಿ ಅದೇ ಪ್ರಾಂತ್ಯದ ಅಳಿವೆಯೊಂದರಲ್ಲಿ ಮೂವತ್ತಕ್ಕೂ ಹೆಚ್ಚು ಕಾಡುಹಂದಿಗಳು ಸತ್ತುಬಿದ್ದಿದ್ದವು. ಹಾಗಾಗಿ ವಿಡಿಯೊದಲ್ಲಿ ಜನ ಮೂಗು ಮುಚ್ಚಿಕೊಂಡದ್ದು ವಾಸನೆಗೆ ಮಾತ್ರವಲ್ಲ.

ತೊಗರಿ ಬೆಳೆಗಾರ, ಚಿತ್ತಾಪುರ ತಾಲ್ಲೂಕು

ಮೇಡಂ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಸಾರಜನಕದ ಮಾತು ಬಂದ ಕೂಡಲೇ ಬೆರಳು ರೈತನ ಕಡೆಗೆ ತಿರುಗುತ್ತದೆ ಎಂಬುದು ನನ್ನ ಆತಂಕ. ನಮ್ಮದು ಎರೆ ಭೂಮಿ, ಮಳೆಯನ್ನೇ ನಂಬಿದ ತೊಗರಿ. ತೊಗರಿಯ ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಸೂಕ್ಷ್ಮಾಣುಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುವುದರಿಂದ ನಾವು ಯೂರಿಯಾ ಹೆಚ್ಚು ಹಾಕುವುದೇ ಇಲ್ಲ. ಬಿತ್ತುವಾಗ ಡಿಎಪಿ ಎಂಬ ರಂಜಕದ ಗೊಬ್ಬರ ಕೊಟ್ಟರೆ ಮುಗಿಯಿತು. ಹೀಗಿರುವಾಗ ನಮ್ಮ ಹೊಲದಿಂದ ಕಡಲಿಗೆ ಹೋಗುವುದಾದರೂ ಏನು? ಕಾರವಾರ, ಮಂಗಳೂರಿನ ಕಡಲಿಗೆ ನಮ್ಮ ನೀರು ಹೋಗುವುದೂ ಇಲ್ಲವಲ್ಲ.

ನಿವೃತ್ತ ನೀರಾವರಿ ಎಂಜಿನಿಯರ್, ಯಾದಗಿರಿ

ರೈತ ಸಹೋದರರ ಕೊನೆಯ ಮಾತು ಸರಿಯಾಗಿದೆ. ನಮ್ಮ ಮೂರು ಜಿಲ್ಲೆಗಳ ನೀರು ಅರಬ್ಬಿ ಸಮುದ್ರಕ್ಕೆ ಹೋಗುವುದಿಲ್ಲ; ಹೋಗುವುದಾದರೆ ಪೂರ್ವದ ಬಂಗಾಳ ಕೊಲ್ಲಿಗೆ. ಬೆಣ್ಣೆತೊರೆ ಕಾಗಿಣಾಕ್ಕೆ, ಕಾಗಿಣಾ ಭೀಮೆಗೆ, ಭೀಮೆ ಯಾದಗಿರಿಯನ್ನು ದಾಟಿ ರಾಯಚೂರಿನ ಗಡಿಯಲ್ಲಿ ಕೃಷ್ಣೆಗೆ ಸೇರುತ್ತವೆ. ಬೀದರಿನ ಕಾರಂಜಾ ಮಾಂಜ್ರಾಕ್ಕೂ, ಮಾಂಜ್ರಾ ಗೋದಾವರಿಗೂ ಸೇರುತ್ತವೆ.

ಆದರೆ ಈ ದಾರಿಯಲ್ಲಿ ಎಷ್ಟು ಕಟ್ಟೆಗಳಿವೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ "ನಮ್ಮ ಗೊಬ್ಬರ ಕಡಲು ಕೆಡಿಸುತ್ತದೆ" ಎಂದು ತೀರ್ಪು ಕೊಡುವುದನ್ನು ನಾನು ಒಪ್ಪುವುದಿಲ್ಲ. ಭೀಮೆಯ ಮೇಲೆ ಮಹಾರಾಷ್ಟ್ರದ ಉಜನಿ ಇದೆ. ನಮ್ಮಲ್ಲಿ ಸೊನ್ನ ಮತ್ತು ಸನ್ನತಿಯ ಬ್ಯಾರೇಜುಗಳಿವೆ. ಕೃಷ್ಣೆಗೆ ಸೇರಿದ ಮೇಲೆ ಜುರಾಲಾ, ಶ್ರೀಶೈಲ, ನಾಗಾರ್ಜುನ ಸಾಗರ, ಪುಲಿಚಿಂತಲ, ವಿಜಯವಾಡದ ಪ್ರಕಾಶಂ ಬ್ಯಾರೇಜು. ಇವೆಲ್ಲವನ್ನೂ ದಾಟಿದರೆ ಮಾತ್ರ ಹಂಸಲದೀವಿಯ ಬಳಿ ಕಡಲು. ಮಳೆ ಕಡಿಮೆಯಾದ ವರ್ಷಗಳಲ್ಲಿ ಕೃಷ್ಣೆ ಕಡಲಿಗೆ ಸೇರುವ ನೀರು ತೀರಾ ಅತ್ಯಲ್ಪ. ಪ್ರತಿ ಅಣೆಕಟ್ಟಿನ ಹಿಂದೆಯೂ ನೀರು ನಿಂತಾಗ ಮಣ್ಣು ತಳಕ್ಕೆ ಕೂಡುತ್ತದೆ, ಮಣ್ಣಿಗೆ ಅಂಟಿದ ರಂಜಕವೂ ಅದರೊಂದಿಗೆ ಕೂಡುತ್ತದೆ. ನೈಟ್ರೇಟಿನ ಒಂದು ಭಾಗವನ್ನು ತಳದ ಕೆಸರಿನ ಬ್ಯಾಕ್ಟೀರಿಯಾಗಳು ಮತ್ತೆ ಗಾಳಿಯ ಸಾರಜನಕವಾಗಿ ಮಾರ್ಪಡಿಸುತ್ತವೆ.

ಹಾಗೆಂದು ಪೋಷಕಾಂಶ ಮಾಯವಾಗಿಲ್ಲ. ಅದು ಕಡಲಿಗೆ ಹೋಗುವ ಬದಲು ನಮ್ಮ ಜಲಾಶಯಗಳಲ್ಲೇ ನಿಂತಿದೆ. ಪುಣೆ ಭಾಗದ ಕೊಳಚೆಯನ್ನು ಹೊತ್ತು ಬರುವ ಉಜನಿಯ ನೀರು ಬೇಸಿಗೆಯಲ್ಲಿ ಹಸಿರಾಗುವುದು ಭೀಮಾತೀರದವರಿಗೆಲ್ಲ ಗೊತ್ತಿರುವ ಸಂಗತಿ. ಚರ್ಚೆ ಕಡಲಕಳೆಯಿಂದ ಶುರುವಾದರೂ ಅದೇ ನಿಯಮ ನಮ್ಮ ನೀರಿನಲ್ಲಿ ಹೇಗೆ ನಡೆಯುತ್ತಿದೆ ಎಂಬುದನ್ನು ಮೇಡಂ ಅವರು ಹೇಳಿದರೆ ಎಲ್ಲರಿಗೂ ಉಪಯೋಗವಾದೀತು.

ಜೀವಶಾಸ್ತ್ರ ಉಪನ್ಯಾಸಕಿ, ಕಲಬುರಗಿ

ಸರ್, ನೀವು ಹೇಳಿದ್ದರಲ್ಲಿ ಒಂದು ಮುಖ್ಯವಾದ ವ್ಯತ್ಯಾಸವನ್ನು ಸೇರಿಸುತ್ತೇನೆ. ಕರಾವಳಿಯ ಉಪ್ಪುನೀರಿನಲ್ಲಿ ಸಾಮಾನ್ಯವಾಗಿ ಮೊದಲು ಕೊರತೆ ಬೀಳುವುದು ಸಾರಜನಕ. ಅದು ಬಂದರೆ ಕಳೆ ಉಕ್ಕುತ್ತದೆ. ಸಿಹಿನೀರಿನಲ್ಲಿ ಕೊರತೆ ಬೀಳುವುದು ಹೆಚ್ಚಾಗಿ ರಂಜಕ. ಕೆನಡಾದ ಪ್ರಾಯೋಗಿಕ ಸರೋವರಗಳಲ್ಲಿ 226 ಎಂಬ ಸಂಖ್ಯೆಯ ಸರೋವರವನ್ನು 1973ರಲ್ಲಿ ನಡುವೆ ಪರದೆ ಕಟ್ಟಿ ಎರಡು ಭಾಗ ಮಾಡಿದರು. ಎರಡಕ್ಕೂ ಇಂಗಾಲ ಮತ್ತು ಸಾರಜನಕ ಹಾಕಿ, ಒಂದಕ್ಕೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಸೇರಿದ ಅರ್ಧ ಮಾತ್ರ ಹಸಿರಾಯಿತು. ಸಿಹಿನೀರಿನ ನೀಲಿಹಸಿರು ಪಾಚಿಗಳಲ್ಲಿ ಕೆಲವು, ತೊಗರಿಯ ಗಂಟಿನ ಸೂಕ್ಷ್ಮಾಣುಗಳಂತೆಯೇ, ಗಾಳಿಯ ಸಾರಜನಕವನ್ನು ತಾವೇ ಹಿಡಿದುಕೊಳ್ಳಬಲ್ಲವು. ರಂಜಕವನ್ನು ಹಾಗೆ ಗಾಳಿಯಿಂದ ತರಲು ಯಾವ ಜೀವಿಗೂ ಸಾಧ್ಯವಿಲ್ಲ.

ಆದ್ದರಿಂದ ಚಿತ್ತಾಪುರದ ಅಣ್ಣನವರ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ: ನಿಮ್ಮ ಹೊಲದಿಂದ ಹೋಗುವುದು ಯೂರಿಯಾ ಅಲ್ಲ, ಮಣ್ಣು. ಸುಣ್ಣದ ಅಂಶವಿರುವ ಎರೆಮಣ್ಣು ಡಿಎಪಿಯ ರಂಜಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಮಣ್ಣು ಹೊಲದಲ್ಲಿರುವವರೆಗೆ ರಂಜಕವೂ ಹೊಲದಲ್ಲಿರುತ್ತದೆ. ದೊಡ್ಡ ಮಳೆಗೆ ಮಣ್ಣು ಕೊಚ್ಚಿ ಹಳ್ಳಕ್ಕಿಳಿದರೆ ರಂಜಕವೂ ಇಳಿಯುತ್ತದೆ. ಕಾಲುವೆ ನೀರಿನ ಭತ್ತದ ಗದ್ದೆಗಳ ಕಥೆ ಬೇರೆ. ನಿಂತ ನೀರಿಗೆ ಯೂರಿಯಾ ಎರಚಿ ಆ ನೀರನ್ನು ಬಸಿದುಬಿಟ್ಟರೆ ಸಾರಜನಕ ಕರಗಿಯೇ ಹೋಗುತ್ತದೆ. ಇನ್ನು ಊರಿನ ಒಳಚರಂಡಿಯಲ್ಲಿ ಎರಡೂ ಇರುತ್ತವೆ, ಅದೂ ವರ್ಷವಿಡೀ. ನನ್ನ ತಿಳಿವಳಿಕೆಯಲ್ಲಿ ನಗರದ ಕೆರೆಗಳಿಗೆ ಹೊಲಕ್ಕಿಂತ ದೊಡ್ಡ ಅಪಾಯ ಚರಂಡಿಯೇ.

ಹಸಿರು ನೀರಿನ ಕೆರೆಯಂಚಿಗೆ ನಸುಕಿನಲ್ಲಿ ಹೋಗಿ ನೋಡಿದವರಿಗೆ ಮೀನುಗಳು ಮೇಲೆ ಬಂದು, ಬಾಯಿಯನ್ನು ನೀರಿನ ಮಟ್ಟಕ್ಕೆ ತಂದು, ತೆರೆದು ಮುಚ್ಚುವುದು ಕಂಡಿರುತ್ತದೆ. ಹಗಲೆಲ್ಲ ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿಯೆಲ್ಲ ತಾನೂ ಉಸಿರಾಡಿ ಅದನ್ನು ಮುಗಿಸುತ್ತದೆ. ಸೂರ್ಯ ಮೂಡುವ ಮುಂಚಿನ ಹೊತ್ತು ನೀರಿನಲ್ಲಿ ಆಮ್ಲಜನಕ ಅತ್ಯಂತ ಕಡಿಮೆ. ಉಲ್ವಾ ತುಂಬಿದ ಆಳವಿಲ್ಲದ ಕೊಲ್ಲಿಯಲ್ಲೂ ಆಗುವುದು ಇದೇ. ಹಗಲು ಹನ್ನೆರಡಕ್ಕೆ ನೀರು ಅಳೆದು "ಆಮ್ಲಜನಕ ಚೆನ್ನಾಗಿದೆ" ಎಂದು ಬರೆಯುವ ವರದಿಗಳಿಗೆ ಅರ್ಥವಿಲ್ಲ ಎಂದು ವಿದ್ಯಾರ್ಥಿಗಳಿಗೆ ನಾನು ಮತ್ತೆ ಮತ್ತೆ ಹೇಳುತ್ತೇನೆ.

ಎಂ.ಎಸ್ಸಿ. ವಿದ್ಯಾರ್ಥಿ, ಬೀದರ್

ವಿಡಿಯೊದಲ್ಲಿ ಕಂಡದ್ದು ಸರ್ಗಾಸಮ್ ಆದ್ದರಿಂದ ಅದರ ಬಗ್ಗೆ ಪ್ರತ್ಯೇಕವಾಗಿ ಬರೆಯಬೇಕೆನಿಸಿತು. ಉಲ್ವಾದ ಲೆಕ್ಕವನ್ನು ಅದಕ್ಕೆ ಹಾಗೆಯೇ ಅನ್ವಯಿಸಲಾಗದು. ಬಂಡೆಗೆ ಅಂಟುವ ಸರ್ಗಾಸಮ್ ಪ್ರಭೇದಗಳು ನಮ್ಮ ತೀರದಲ್ಲೂ ಇವೆ. ಅಟ್ಲಾಂಟಿಕ್ಕಿನ ನಾಟನ್ಸ್ ಮತ್ತು ಫ್ಲೂಯಿಟನ್ಸ್ ಎಂಬ ಎರಡು ಪ್ರಭೇದಗಳು ಮಾತ್ರ ಹುಟ್ಟಿನಿಂದ ಸಾವಿನವರೆಗೆ ತೇಲುತ್ತಲೇ ಇರುತ್ತವೆ. ಪುಟ್ಟ ದ್ರಾಕ್ಷಿಯಂತೆ ಕಾಣುವ ಗಾಳಿಗುಳ್ಳೆಗಳು ಅವನ್ನು ಮೇಲೆ ಹಿಡಿದಿಡುತ್ತವೆ, ತುಂಡಾಗುತ್ತಲೇ ಅವು ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ. ಶತಮಾನಗಳಿಂದ ಅವುಗಳ ಮನೆ ಉತ್ತರ ಅಟ್ಲಾಂಟಿಕ್ಕಿನ ಸರ್ಗಾಸೊ ಸಮುದ್ರ. 2011ರಿಂದ ಈಚೆಗೆ ಅವು ಉಷ್ಣವಲಯದ ಅಟ್ಲಾಂಟಿಕ್ಕಿನಲ್ಲಿ ಪಶ್ಚಿಮ ಆಫ್ರಿಕಾದಿಂದ ಮೆಕ್ಸಿಕೊ ಕೊಲ್ಲಿಯವರೆಗೆ ಒಂದು ಪಟ್ಟಿಯಾಗಿ ಹೆಚ್ಚುಕಡಿಮೆ ಪ್ರತಿವರ್ಷ ಕಾಣಿಸಿಕೊಳ್ಳುತ್ತಿವೆ. 2018ರ ಜೂನ್ ತಿಂಗಳಲ್ಲಿ ಆ ಪಟ್ಟಿಯ ಉದ್ದ 8,850 ಕಿಲೋಮೀಟರ್, ತೂಕ 2 ಕೋಟಿ ಟನ್ನಿಗೂ ಹೆಚ್ಚು ಎಂದು ಉಪಗ್ರಹ ಚಿತ್ರಗಳಿಂದ ಲೆಕ್ಕ ಹಾಕಿದರು.

ಕಾರಣದ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ, ಒಂದೇ ಕಾರಣ ಹೇಳುವವರನ್ನು ನಂಬಲೂಬಾರದು ಎಂಬುದು ನನ್ನ ಅಭಿಪ್ರಾಯ. 2009–10ರ ಚಳಿಗಾಲದಲ್ಲಿ ಗಾಳಿಯ ದಿಕ್ಕು ಅಸಹಜವಾಗಿ ಬದಲಾಗಿ ಕಳೆಯನ್ನು ದಕ್ಷಿಣಕ್ಕೆ ತಂದಿತು ಎಂಬುದು ಒಂದು ವಿವರಣೆ. ಇದು ಬೀಜ ಹೇಗೆ ಬಂತು ಎಂಬುದನ್ನು ಹೇಳುತ್ತದೆ. ಬಂದ ಬೀಜಕ್ಕೆ ಆಹಾರ ಎಲ್ಲಿಂದ ಎಂಬ ಪ್ರಶ್ನೆಗೆ ಅಮೆಜಾನ್ ನದಿಯ ಪೋಷಕಾಂಶ, ಆಳದಿಂದ ಮೇಲೇರುವ ತಣ್ಣನೆಯ ಕಡಲನೀರು, ಸಹಾರಾದ ಧೂಳು ಹೀಗೆ ಹಲವು ಉತ್ತರಗಳಿವೆ. 1980ರ ದಶಕದ ಮಾದರಿಗಳಿಗೆ ಹೋಲಿಸಿದರೆ ಈಚಿನ ದಶಕದ ಸರ್ಗಾಸಮ್‌ನಲ್ಲಿ ಸಾರಜನಕದ ಅಂಶ ಶೇ 35ರಷ್ಟು ಹೆಚ್ಚಿದೆ ಎಂದು 2021ರ ಅಧ್ಯಯನವೊಂದು ತೋರಿಸಿತು.

ನನಗೆ ಅತಿ ಮುಖ್ಯವೆನಿಸಿದ್ದು ಇದು: ತೆರೆದ ಕಡಲಿನಲ್ಲಿ ಇದೇ ಕಳೆ ಆಮೆಮರಿಗಳಿಗೂ ಮೀನುಮರಿಗಳಿಗೂ ಆಶ್ರಯ. ಅಲ್ಲಿ ಅದನ್ನು ನಾಶಮಾಡಲು ಹೊರಟರೆ ಆ ಜೀವಿಗಳೂ ಹೋಗುತ್ತವೆ. ತೀರಕ್ಕೆ ಬಂದು ರಾಶಿ ಬಿದ್ದಾಗ ಮಾತ್ರ ಆಮೆಗಳು ಮೊಟ್ಟೆಯಿಡುವ ಮರಳನ್ನೇ ಅದು ಮುಚ್ಚುತ್ತದೆ.

ಸುರಪುರದವರು, ಈಗ ಮಂಡಪಂನಲ್ಲಿ

ತಮಿಳುನಾಡಿನ ಕರಾವಳಿಯ ಮಂಡಪಂನಲ್ಲಿ ಕಡಲಕಳೆ ಕೃಷಿಯ ಕೆಲಸದಲ್ಲಿರುವುದರಿಂದ ಶಹಾಪುರದ ಅಂಗಡಿಯವರ ಮೂಲಪ್ರಶ್ನೆಗೆ ಉತ್ತರಿಸುವ ಪ್ರಯತ್ನ ಮಾಡುತ್ತೇನೆ. ನಮ್ಮಲ್ಲಿ ದ್ರವಗೊಬ್ಬರಕ್ಕೆ ಹೆಚ್ಚಾಗಿ ಬಳಕೆಯಾಗುವುದು ಕಪ್ಪಾಫೈಕಸ್ ಎಂಬ ಕೆಂಪು ಕಳೆ. ಬಿದಿರಿನ ಚೌಕಟ್ಟಿಗೆ ಹಗ್ಗ ಬಿಗಿದು, ಹಗ್ಗಕ್ಕೆ ಹಿಡಿಯಷ್ಟು ತುಂಡುಗಳನ್ನು ಕಟ್ಟಿ ನೀರಿನ ಮೇಲೆ ಬಿಡುತ್ತಾರೆ. ಮೀನು ತಿನ್ನದಂತೆ ಅಡಿಯಲ್ಲಿ ಬಲೆ ಕಟ್ಟುತ್ತಾರೆ. ಸುಮಾರು 45 ದಿನಕ್ಕೆ ಕೊಯ್ಲಿಗೆ ಬರುತ್ತದೆ. ತಾಜಾ ಕಳೆಯನ್ನು ಅರೆದು ರಸ ಹಿಂಡಿದರೆ ಉಳಿದ ಚರಟದಿಂದ ಕ್ಯಾರಜೀನನ್ ಎಂಬ ಅಂಟು ತೆಗೆಯುತ್ತಾರೆ. ಎಲ್ಲಿ ಬೆಳೆಯಿತು, ಯಾವಾಗ ಕಿತ್ತರು ಎಂಬುದು ಇಲ್ಲಿ ಗೊತ್ತಿರುತ್ತದೆ. ಕೆರಿಬಿಯನ್ ತೀರಕ್ಕೆ ಬಿದ್ದ ಸರ್ಗಾಸಮ್ ಹಾಗಲ್ಲ. ಕಂದು ಕಳೆಗಳು ನೀರಿನಿಂದ ಆರ್ಸೆನಿಕ್ ಹೀರಿ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತವೆ, ಜೊತೆಗೆ ಮರಳು, ಉಪ್ಪು, ಪ್ಲಾಸ್ಟಿಕ್ ಸೇರಿರುತ್ತದೆ, ತೀರ ಮುಟ್ಟುವಷ್ಟರಲ್ಲಿ ಕೊಳೆಯಲು ಶುರುವಾಗಿರುತ್ತದೆ. ಅದನ್ನು ಪರೀಕ್ಷಿಸದೆ ಹೊಲಕ್ಕೆ ಹಾಕಬಾರದು. ಗಿರಾಕಿಗೆ ನೀವು ಕೊಡಬಹುದಾದ ಉತ್ತರ ಇದು.

ಆದರೆ ಕೃಷಿಯ ಬಗ್ಗೆ ಪ್ರೀತಿ ಇರುವುದರಿಂದಲೇ ಅದರ ಅಪಾಯವನ್ನೂ ಹೇಳಬೇಕು. ಚೀನಾದ ಹಳದಿ ಸಮುದ್ರದಲ್ಲಿ ಹಸಿರು ಕಳೆ ದೊಡ್ಡದಾಗಿ ಕಾಣಿಸಿದ್ದು 2007ರಿಂದ. 2008ರಲ್ಲಿ ಒಲಿಂಪಿಕ್ಸ್ ಹಾಯಿದೋಣಿ ಸ್ಪರ್ಧೆಗೆ ಸಜ್ಜಾಗುತ್ತಿದ್ದ ಚಿಂಗ್‌ಡಾವ್ ತೀರವನ್ನು ಉಲ್ವಾ ಮುತ್ತಿತು. ಸೈನಿಕರೂ ಸೇರಿ ಸಾವಿರಾರು ಜನ ಹತ್ತು ಲಕ್ಷ ಟನ್‌ಗೂ ಹೆಚ್ಚು ಕಳೆಯನ್ನು ಹೊರತೆಗೆದರು. ಮೂಲ ಹುಡುಕಿದಾಗ ಅದು ಚಿಂಗ್‌ಡಾವ್‌ನಲ್ಲಿ ಇರಲಿಲ್ಲ. ದಕ್ಷಿಣದ ಜಿಯಾಂಗ್‌ಸು ತೀರದಲ್ಲಿ ತಿನ್ನುವ ಕೆಂಪು ಕಳೆ ಬೆಳೆಸುವ ಚೌಕಟ್ಟುಗಳಿದ್ದವು. ಹಗ್ಗ, ಬಿದಿರುಗಳಿಗೆ ಅಂಟಿ ಬೆಳೆದ ಉಲ್ವಾವನ್ನು ವಸಂತದಲ್ಲಿ ಕೆರೆದು ನೀರಿಗೆ ಬಿಡುತ್ತಿದ್ದರು. ಪೋಷಕಾಂಶ ತುಂಬಿದ ನೀರಿನಲ್ಲಿ ಅದು ತೇಲುತ್ತ, ಬೆಳೆಯುತ್ತ, ಗಾಳಿಗೆ ಸಿಕ್ಕಿ ಉತ್ತರಕ್ಕೆ ಹೋಯಿತು. ಪೋಷಕಾಂಶ ಇದ್ದರಷ್ಟೇ ಸಾಲದು, ಬೀಜವೂ ಅದನ್ನು ಸಾಗಿಸುವ ಪ್ರವಾಹವೂ ಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ನಮ್ಮಲ್ಲೂ ಎಚ್ಚರಿಕೆ ಸಿಕ್ಕಿದೆ. ಕಪ್ಪಾಫೈಕಸ್ ಇಲ್ಲಿಯದಲ್ಲ, ಫಿಲಿಪ್ಪೀನ್ಸ್ ಕಡೆಯದು. ಅದು ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದ ಹವಳಗಳ ಮೇಲೆ ಹಬ್ಬಿರುವುದು 2008ರಲ್ಲಿ ವರದಿಯಾಯಿತು. ಹವಳದ ಮೇಲೆ ಕಳೆ ಹೊದ್ದುಕೊಂಡರೆ ಬೆಳಕಿಲ್ಲದೆ ಹವಳ ಸಾಯುತ್ತದೆ. ಬೆಸ್ತರ ಹೆಂಗಸರಿಗೆ ಈ ಕೃಷಿ ದೊಡ್ಡ ಆಸರೆಯಾಗಿದೆ. ಅದು ಉಳಿಯಬೇಕಾದರೆ ಹವಳದ ದಿಬ್ಬಗಳಿಂದ ದೂರ ಇರಬೇಕು, ನಮ್ಮದೇ ಪ್ರಭೇದಗಳ ಕಡೆಗೆ ಹೆಚ್ಚು ಗಮನ ಹರಿಯಬೇಕು.

ಕೆರೆ ಬಳಿಯ ನಿವಾಸಿ, ಕಲಬುರಗಿ

ನಮ್ಮ ಊರಿನ ಅಪ್ಪನ ಕೆರೆಯಲ್ಲಿ ಅಂತರಗಂಗೆ ಎಂಬ ತೇಲುಕಳೆ ಹಬ್ಬುವುದನ್ನೂ ಅದನ್ನು ತೆಗೆಸುವುದನ್ನೂ ನಾವು ನೋಡುತ್ತಲೇ ಬಂದಿದ್ದೇವೆ. ತೆಗೆದ ರಾಶಿಯನ್ನು ದಂಡೆಯಲ್ಲೇ ಬಿಟ್ಟದ್ದೂ ಉಂಟು. ಬೇರಿನ ಗೊಂಚಲು ಒಣಗಿ ಕಪ್ಪಾಗಿ, ಅಡಿಯಿಂದ ಕಂದು ನೀರು ಇಳಿದು ಮತ್ತೆ ಕೆರೆಗೇ ಹೋಗುತ್ತದೆ. ಹೀಗೆ ತೆಗೆಯುವುದರಿಂದ ಪ್ರಯೋಜನವಿದೆಯೇ, ಅಥವಾ ಅದು ದುಡ್ಡಿನ ದಂಡವೇ?

ನಿವೃತ್ತ ನೀರಾವರಿ ಎಂಜಿನಿಯರ್, ಯಾದಗಿರಿ

ಹಸಿಯಾಗಿರುವಾಗಲೇ ತೆಗೆದು ಕೆರೆಗೆ ನೀರು ಹರಿದುಬರುವ ಜಲಾನಯನ ಪ್ರದೇಶದಿಂದ ಹೊರಗೆ ಸಾಗಿಸಿದರೆ ನಿಜವಾದ ಪ್ರಯೋಜನವಿದೆ, ಏಕೆಂದರೆ ಕಳೆ ತನ್ನ ಮೈಯಲ್ಲಿ ಹೀರಿಟ್ಟ ಸಾರಜನಕ ಮತ್ತು ರಂಜಕ ಅದರೊಂದಿಗೆ ಹೋಗುತ್ತವೆ. ದಂಡೆಯಲ್ಲಿ ಬಿಟ್ಟರೆ ನೀವು ಕಂಡ ಆ ಕಂದು ನೀರಿನಲ್ಲಿ ಎಲ್ಲವೂ ಮರಳಿ ಬರುತ್ತದೆ. ಚರಂಡಿಯ ಒಳಹರಿವನ್ನು ನಿಲ್ಲಿಸದೆ ತೆಗೆಯುತ್ತಲೇ ಇದ್ದರೆ ಕೆಲಸಕ್ಕೆ ಕೊನೆಯೇ ಇಲ್ಲ.

ಒಳಹರಿವು ನಿಂತ ಮರುವರ್ಷವೇ ನೀರು ತಿಳಿಯಾಗುತ್ತದೆಂದು ನಿರೀಕ್ಷಿಸಬೇಡಿ. ಹಗೇವಿನಲ್ಲಿ ಕೂಡಿಟ್ಟ ಜೋಳದಂತೆ ಹೂಳಿನಲ್ಲಿ ಎಷ್ಟೋ ವರ್ಷದ ರಂಜಕ ಇರುತ್ತದೆ. ಬೇಸಿಗೆಯಲ್ಲಿ ತಳದ ನೀರಿನಲ್ಲಿ ಆಮ್ಲಜನಕ ಮುಗಿದಾಗ, ಕಬ್ಬಿಣದೊಂದಿಗೆ ಬಂಧಿಯಾಗಿದ್ದ ರಂಜಕ ಬಿಡುಗಡೆಯಾಗಿ ಮೇಲೆ ಬರುತ್ತದೆ. ಹೂಳು ತೆಗೆಯುವುದರಿಂದ ಆಳ ಹೆಚ್ಚುವುದಷ್ಟೇ ಅಲ್ಲ, ಈ ಸಂಗ್ರಹವೂ ಕಡಿಮೆಯಾಗುತ್ತದೆ. ನಗರದ ಕೆರೆಯ ಹೂಳನ್ನು ಹೊಲಕ್ಕೆ ಹೊಡೆಯುವ ಮೊದಲು ಭಾರಲೋಹಗಳ ಪರೀಕ್ಷೆ ಮಾಡಿಸುವುದು ಅಗತ್ಯ.

ತೊಗರಿ ಬೆಳೆಗಾರ, ಚಿತ್ತಾಪುರ ತಾಲ್ಲೂಕು

ಒಡ್ಡು ಹಾಕುವುದು, ಇಳಿಜಾರಿಗೆ ಅಡ್ಡಲಾಗಿ ಬಿತ್ತುವುದು ನಮ್ಮ ಹಿರಿಯರಿಂದ ಬಂದ ಕೆಲಸ. ತೇವ ಉಳಿಸುವುದಕ್ಕೆ ಮಾಡುತ್ತಿದ್ದೆವು. ರಂಜಕವೂ ಅದರಿಂದಲೇ ಉಳಿಯುತ್ತದೆ ಎಂದರೆ ಡಿಎಪಿಗೆ ಕೊಟ್ಟ ದುಡ್ಡೂ ಉಳಿದಂತೆ. ಇದನ್ನು ನಮ್ಮ ರೈತರ ಗುಂಪಿನಲ್ಲಿ ಹಂಚಿಕೊಳ್ಳುತ್ತೇನೆ. ಇನ್ನೊಂದು ಪ್ರಶ್ನೆ ಉಳಿದಿದೆ. ದೊಡ್ಡ ಪ್ರವಾಹದ ವರ್ಷ ಎಲ್ಲ ಗೇಟುಗಳೂ ತೆರೆದು ಕೃಷ್ಣೆ ಕಡಲಿಗೆ ನುಗ್ಗಿದಾಗ, ಆಂಧ್ರದ ತೀರದಲ್ಲಿ ಚೀನಾದಂತೆ ಹಸಿರು ಕಳೆ ಏಳಬಹುದೇ?

ಸುರಪುರದವರು, ಈಗ ಮಂಡಪಂನಲ್ಲಿ

ಕೃಷ್ಣೆಯ ಮುಖದಲ್ಲಿ ಹಾಗಾಗುವ ಸಂಭವ ತೀರಾ ಕಡಿಮೆ ಎಂದು ನಾನು ಭಾವಿಸುತ್ತೇನೆ. ಉಲ್ವಾಕ್ಕೆ ಮೊದಲು ಅಂಟಿಕೊಳ್ಳಲು ಗಟ್ಟಿ ಆಧಾರ ಬೇಕು. ವಿಶಾಖಪಟ್ಟಣದ ಬಂಡೆಗಳ ಮೇಲೆ ಅದು ಬೆಳೆಯುತ್ತದೆ, ಆದರೆ ಕೃಷ್ಣಾ ಮುಖಜಭೂಮಿಯೆಲ್ಲ ಕೆಸರು, ಮರಳು ಮತ್ತು ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ಪ್ರವಾಹದ ನೀರು ಮಣ್ಣಿನಿಂದ ಎಷ್ಟು ಕದಡಿರುತ್ತದೆಂದರೆ ಸ್ವಲ್ಪ ಆಳಕ್ಕೂ ಬೆಳಕು ಇಳಿಯುವುದಿಲ್ಲ, ಮೇಲೆ ಮುಂಗಾರಿನ ಮೋಡ ಬೇರೆ. ಬಂದ ಪೋಷಕಾಂಶವನ್ನು ಬಳಸುವುದು ಮುಖ್ಯವಾಗಿ ಸೂಕ್ಷ್ಮ ತೇಲುಪಾಚಿಗಳು. ಅವೂ ಉಕ್ಕಬಲ್ಲವು, 2019ರಲ್ಲಿ ಮನ್ನಾರ್ ಕೊಲ್ಲಿಯಲ್ಲಿ ನಾಕ್ಟಿಲೂಕಾ ಎಂಬ ಸೂಕ್ಷ್ಮಜೀವಿ ಹಸಿರಾಗಿ ಹರಡಿದಾಗ ಮೀನುಗಳು ಸತ್ತಿದ್ದವು. ಆದರೆ ಅದು ಕಡಲಕಳೆಯಲ್ಲ, ಏಕಕೋಶ ಜೀವಿ.

ಇಂಥ ಸೂಕ್ಷ್ಮಪಾಚಿಗಳ ಉಕ್ಕುವಿಕೆಯನ್ನು ಉಪಗ್ರಹದಿಂದ ಗಮನಿಸಿ ಮಾಹಿತಿ ಕೊಡುವ ಸೇವೆಯನ್ನು ಹೈದರಾಬಾದಿನ ಇನ್‌ಕಾಯಿಸ್ ಎಂಬ ಸಾಗರ ಮಾಹಿತಿ ಕೇಂದ್ರ ನಡೆಸುತ್ತಿದೆ. ಈಶಾನ್ಯ ಅರಬ್ಬಿ ಸಮುದ್ರ, ಕೇರಳದ ತೀರ, ಮನ್ನಾರ್ ಕೊಲ್ಲಿ, ಒಡಿಶಾದ ಗೋಪಾಲಪುರ ಅದರ ನಿಗಾದಲ್ಲಿರುವ ಮುಖ್ಯ ಜಾಗಗಳು. ಬೀದರಿನ ವಿದ್ಯಾರ್ಥಿಗೆ ಆಸಕ್ತಿ ಇದ್ದರೆ ಅವರ ಜಾಲತಾಣದ ನಕ್ಷೆಗಳನ್ನು ಚಳಿಗಾಲದಲ್ಲಿ ನೋಡಲಿ. ಉತ್ತರ ಅರಬ್ಬಿ ಸಮುದ್ರದಲ್ಲಿ ನಾಕ್ಟಿಲೂಕಾ ಹರಡುವುದು ಆ ತಿಂಗಳುಗಳಲ್ಲೇ.